ಅಣ್ಣನ ಸಾಕ್ಷಿ

“ತರಿ ಓಡಿಟ್ಟಿರುಂದುಚ್ಚು ಸಾರ್,” ಎಂದು ಬದರೀನಾಥ ತಮಿಳಿನಲ್ಲಿ ಹೇಳಿಯೇಬಿಟ್ಟ. ಮಗ್ಗ ಓಡುತ್ತಿತ್ತಂತೆ, ತನ್ನ ತಮ್ಮ ಫೋನಿನಲ್ಲಿ ಆಡಿದ ಮಾತು ಒಂದೂ ಕೇಳಿಸಲಿಲ್ಲವಂತೆ! ವಿಚಾರಣೆಗೆ ಬಂದಿದ್ದ ಅಧಿಕಾರಿ ಈಶ್ವರನ್ ಅದನ್ನೇ ಬರೆದುಕೊಂಡರು.

ತಮ್ಮ ಕೃಷ್ಣಪ್ರಸಾದ್ ವಿಮಾನ ನಿಲ್ದಾಣದಲ್ಲಿ ಭದ್ರತಾ ಅಧಿಕಾರಿ. ತೊಂಬತ್ತಾರರಲ್ಲಿ ಅಲ್ಲಿ ಬಾಂಬು ಸಿಡಿದು ಜನ ಸತ್ತ ಮೇಲೆ ಅವನನ್ನು ಸಸ್ಪೆಂಡ್ ಮಾಡಿದ್ದರು. ‘ತಪಾಸಣೆಯ ಯಂತ್ರ ಕೆಟ್ಟಿದೆ, ನಿಮ್ಮ ಕಡೆಯವರು ತಪಾಸಣೆಯಿಲ್ಲದೆ ನುಗ್ಗುತ್ತಾರೆ, ಅನಾಹುತ ಆಗುತ್ತೆ’ ಎಂದು ಮಂತ್ರಿಗೆ ಮೊದಲೇ ಫೋನ್ ಮಾಡಿದ್ದೆ ಎನ್ನುತ್ತಿದ್ದ ಅವನು. ಫೋನ್ ಬಂದದ್ದು ನಿಜ, ವರ್ಗಾವಣೆ ಬೇಡಿಕೊಂಡ ಅಷ್ಟೆ, ಎಂದು ಮಂತ್ರಿ ಜಾರಿಕೊಂಡಿದ್ದರು. ಆ ಫೋನು ಹೋದದ್ದು ಸೇಲಂನ ಈ ಮನೆಯಿಂದ. ತಮಿಳರ ಆಡಿ ತಿಂಗಳ ಅಮಾವಾಸ್ಯೆಯ ದಿನ, ಅಪ್ಪನ ತರ್ಪಣಕ್ಕೆ ಅವನು ಬಂದಿದ್ದಾಗ. ಅವ್ವ ಮುತ್ತಮ್ಮ ಗುಡಿಗೆ ಹೋಗಿದ್ದಳು. ಕೇಳಿಸಿಕೊಂಡವನು ಅಣ್ಣನೊಬ್ಬನೇ.

ಕೇಳಿಸಿಕೊಂಡದ್ದೇನು, ಒಂದೊಂದು ಮಾತೂ ಚುಚ್ಚಿತ್ತು. ಯಂತ್ರ ಕೆಟ್ಟರೆ ಕೆಡಲಿ, ತನ್ನ ಬೆನ್ನಿಗೆ ಬಿದ್ದ ತಮ್ಮ ಮಂತ್ರಿಗೇ ಎದುರು ಮಾತಾಡುತ್ತಾನಲ್ಲ! ತಾನು ರೇಷ್ಮೆ ಪಂಚೆ ನೇಯ್ದು ನೇಯ್ದು ಬೆನ್ನು ಬಾಗಿಸಿಕೊಂಡರೂ ಬೀದಿಗೆ ತಾನು ಬರೀ ‘ಆಫೀಸರ್ ಅಣ್ಣ’. ಅವ್ವನಿಗೂ ಚಿಕ್ಕವನೆಂದರೆ ಪ್ರಾಣ. ಅಂದಿನಿಂದ ಒಳಗೇ ಉರಿಯುತ್ತಿದ್ದವನಿಗೆ ಇವತ್ತು ಕಾಲ ಕೂಡಿ ಬಂದಿತ್ತು.

ಹೊಟ್ಟೆಕಿಚ್ಚಿನವನಿಗೆ ಬುದ್ಧಿ ಯಾವಾಗಲೂ ತಡವಾಗಿ ಬರುತ್ತದೆ. ಹೇಳಿಯಾದ ಮೇಲೆ ಹೊಳೆಯಿತು. ಅಮಾವಾಸ್ಯೆಯ ದಿನ ಯಾವ ದೇವಾಂಗ ನೇಕಾರ ಮಗ್ಗಕ್ಕೆ ಕೂರುತ್ತಾನೆ? ಅವತ್ತು ಬೀದಿಗೆ ಬೀದಿಯೇ ಸದ್ದಿಲ್ಲದೆ ಇರುತ್ತದೆ. ಈಶ್ವರನ್‌ಗೆ ಅದು ಗೊತ್ತಿಲ್ಲ ಸರಿ, ಮನೆಯವರಿಗೆ? ಸುಳ್ಳು ಸಾಕ್ಷಿಗೆ ಜೈಲು ಎಂದು ಈಶ್ವರನ್ ಬಂದ ಕೂಡಲೇ ಎಚ್ಚರಿಸಿದ್ದರು. ಬದರೀನಾಥ ಬಾಗಿಲತ್ತ ನೋಡಿದ.

“ಅಲ್ಲ ಕಣ್ಲಾ ಬದರಿ,” ಬಾಗಿಲಲ್ಲಿ ನಿಂತಿದ್ದ ಮುತ್ತಮ್ಮ ಕನ್ನಡದಲ್ಲಿ ಬಾಯಿ ತೆಗೆದಳು, “ಅವತ್ತು ಅಮಾಸೆ...”

“ಅವ್ವಾ, ನೀ ಒಳಕ್ಕೋಗು. ಸಾರ್‌ಗೆ ಕಾಪಿ ತತ್ತಾ,” ಎಂದು ಪಕ್ಕದಲ್ಲೇ ಕೂತಿದ್ದ ಕೃಷ್ಣಪ್ರಸಾದ್ ತಡೆದ.

ಈಶ್ವರನ್ ಅವನತ್ತ ತಿರುಗಿದರು. ಬೇರೆ ಸಾಕ್ಷಿ ಇಲ್ಲ, ಅಣ್ಣನನ್ನು ಏನಾದರೂ ಕೇಳುವುದಿದ್ದರೆ ಈಗಲೇ ಕೇಳಬೇಕು ಎಂದರು.

ಕೃಷ್ಣಪ್ರಸಾದ್ ಅಣ್ಣನನ್ನು ನೋಡಿದ. “ಏನೂ ಇಲ್ಲ ಸಾರ್. ಅಣ್ಣ ಸುಳ್ಳೇಳೋನಲ್ಲ.”

ಜೀಪು ಹೊರಟಿತು, ತಮ್ಮನ ಕೆಲಸವೂ ಅದರ ಜೊತೆಗೇ ಹೋಯಿತು. ಅಲ್ಲಿ ಮಂತ್ರಿ ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

“ಯಾಕ್ಲಾ ಸುಮ್ಕಿದ್ದೆ?” ಬದರೀನಾಥ ಕೇಳಿದ.

“ನೀ ಜೈಲಿಗೋದ್ರೆ ಅವ್ವ ಬದುಕ್ತಾಳಾ? ಬುಡಣ್ಣಾ.”

ಹೋದ ಜೀವ ಬಂದಂತಾಯಿತು ಬದರೀನಾಥನಿಗೆ. ಹಿಂದೆಯೇ ಅದೇ ಉರಿ, ಮೊದಲಿಗಿಂತ ಜೋರಾಗಿ. ಥೂ, ಇದರಲ್ಲೂ ಇವನೇ ದೊಡ್ಡವನಾಗಿಬಿಟ್ಟನಲ್ಲ!

ಮುತ್ತಮ್ಮ ಮೊಸರನ್ನ ಕಲಸಿಕೊಂಡು ಬಂದು ಚಿಕ್ಕವನ ಕೈಗೆ ತುತ್ತು ಹಾಕಿದಳು. ಅವನು ತಲೆ ತಗ್ಗಿಸಿ ತಿಂದ. ನೋಡುತ್ತಿದ್ದ ಬದರೀನಾಥ ತಡೆಯಲಾರದೆ ತಾನೂ ಅಂಗೈ ಒಡ್ಡಿದ. ಅವಳು ಅವನಿಗೂ ಒಂದು ತುತ್ತು ಹಾಕಿದಳು, ತಮ್ಮನದಕ್ಕಿಂತ ದೊಡ್ಡದನ್ನೇ. ಮುಖ ಮಾತ್ರ ನೋಡಲಿಲ್ಲ. ಮೊಸರು ಅವನ ಬೆರಳ ಸಂದಿಯಿಂದ ನೆಲಕ್ಕೆ ತೊಟ್ಟಿಕ್ಕಿತು.