ಕರೆಂಟು ಹೊಡೆಯುವ ನಲ್ಲಿ

ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಅಂತ ಹೊಲಿಗೆಯವಳು ಮನೆ ಓನರಿಗೆ ಎಷ್ಟು ಸಲ ಹೇಳಿದರೂ ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಒದ್ದೆ ಗೋಡೆಯೊಳಗೆ ಎಲ್ಲೋ ವೈರಿನ ಸಿಪ್ಪೆ ಸುಲಿದು ಕಬ್ಬಿಣದ ಪೈಪಿಗೆ ತಗಲಿಕೊಂಡಿತ್ತು. ಮೊದಮೊದಲು ಬೆರಳು ಜುಮ್ಮೆನ್ನುತ್ತಿತ್ತು, ಈಗ ಭುಜದವರೆಗೂ ಒದೆಯುತ್ತಿತ್ತು. ಗಂಡ ಲಾರಿ ಡ್ರೈವರು. ಎಲ್ಲೋ ದೂರದ ರಸ್ತೆಯಿಂದ ಫೋನಿನಲ್ಲಿ "ಹುಷಾರು ಕಣೆ" ಅನ್ನುವುದು ಬಿಟ್ಟರೆ ಅವನಾದರೂ ಏನು ಮಾಡಿಯಾನು?

ಕೊನೆಗೆ ಅತ್ತೆ ಸೊಸೆ ಸೇರಿ ಒಂದು ಉಪಾಯ ಮಾಡಿಕೊಂಡರು. ಯಾರು ಬಚ್ಚಲ ಕಡೆ ಹೊರಟರೂ ಸರಿ, ಅತ್ತೆ ಎದ್ದು ಮುಂಬಾಗಿಲ ಪಕ್ಕದ ಮೇನ್ ಸ್ವಿಚ್ಚು ಕೆಳಗೆಳೆಯುವುದು, ಹೊರಗೆ ಬಂದ ಮೇಲೆ ಮೇಲೆತ್ತುವುದು. "ಈ ವಯಸ್ಸಲ್ಲಿ ನಂಗೊಂದು ಕೆಲ್ಸ ಸಿಕ್ತಲ್ಲೇ" ಅಂತ ಅತ್ತೆ ನಗುತ್ತಿದ್ದರು. ಸೊಸೆಗೆ ನಗು ಎಲ್ಲಿಂದ ಬರಬೇಕು? ಮಗಳು ಪುಟ್ಟಿ ಅಂಬೆಗಾಲಿಡಲು ಶುರುಮಾಡಿದ್ದಳು. ನೀರು ಕಂಡರೆ ಆ ಕೂಸಿಗೆ ಪ್ರಾಣ. ಬಚ್ಚಲ ಬಾಗಿಲೋ, ಉಬ್ಬಿಹೋಗಿ ಚೌಕಟ್ಟಿಗೇ ಕೂರುತ್ತಿರಲಿಲ್ಲ. ಅಡ್ಡ ಇಟ್ಟ ಸ್ಟೂಲನ್ನು ತಳ್ಳುವುದನ್ನೂ ಪುಟ್ಟಿ ಕಲಿತುಬಿಟ್ಟಿದ್ದಳು. ಕರೆಂಟಿನ ಹೊಲಿಗೆ ಮೆಷಿನ್ನಿನ ಮುಂದೆ ಕೂತರೂ ತಾಯಿಯ ಜೀವವೆಲ್ಲ ಬೆನ್ನ ಹಿಂದೆಯೇ ಇರುತ್ತಿತ್ತು.

ಕಳೆದ ಸಲ ಓನರು ಬಂದಾಗ "ಎಲ್ಲಿ, ತೋರ್ಸಮ್ಮ" ಅಂತ ನೇರ ಬಚ್ಚಲಿಗೆ ನುಗ್ಗಿ ನಲ್ಲಿಯನ್ನು ಗಪ್ಪನೆ ಹಿಡಿದುಕೊಂಡಿದ್ದರು. ಏನೂ ಆಗಲಿಲ್ಲ! ಇವಳು ಕಣ್ಣು ಕಣ್ಣು ಬಿಟ್ಟಳು.

"ಎಂಥ ಪುಕ್ಕಲಮ್ಮಾ ನೀನು! ಮನೆ ಹಿಡಿಸ್ದೇ ಇದ್ರೆ ಖಾಲಿ ಮಾಡು, ಸುಳ್ಳು ಯಾಕೆ ಹೇಳ್ತೀಯ?"

ಅವರು ಬೀದಿ ದಾಟಿದ ಮೇಲೆ ಮೆಷಿನ್ನು ಒತ್ತಿದರೆ ಓಡಲೊಲ್ಲದು. ಮೇನ್ ಸ್ವಿಚ್ಚು ಕೆಳಗಿತ್ತು. ಬಚ್ಚಲಿಗೆ ಹೋದವರು ಯಾರೆಂದೂ ನೋಡದೆ ಅತ್ತೆಯ ಕೈ ತಾನಾಗಿ ಎಳೆದಿತ್ತು! ಅತ್ತೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ! ಅಭ್ಯಾಸ ಕಣೆ." ಫೋನು ಮಾಡಿ ನಡೆದದ್ದು ಹೇಳಿದರೆ ಓನರು "ಈಗ ಹೊಸ ಕಥೆನಾ?" ಅಂತ ಇಟ್ಟುಬಿಟ್ಟರು.

ಇವತ್ತು ಬಾಡಿಗೆಗೆ ಅಂತ ಅವರು ಮತ್ತೆ ಬರುವವರಿದ್ದರು. ಹೊಲಿಗೆಯವಳು ಮನಸ್ಸು ಕಲ್ಲು ಮಾಡಿಕೊಂಡಳು. "ಅತ್ತೆ, ಇವತ್ತು ಪುಟ್ಟೀನ ತೊಡೆ ಮೇಲೆ ಹಾಕ್ಕೊಂಡು ಕೂತ್ಬಿಡಿ. ಏಳ್ಬೇಡಿ. ಒಂದ್ಸಲ ಹೊಡೀಲಿ, ಬುದ್ಧಿ ಬರುತ್ತೆ." ಹೇಳುವಾಗ ಸುಲಭ. ಓನರು ಒಳಗೆ ಬಂದದ್ದೇ ಅವಳು ತಡವರಿಸುತ್ತ ಮತ್ತೆ ನಲ್ಲಿಯ ಮಾತೆತ್ತಿದಳು.

"ಇನ್ನೂ ಅದೇ ರಾಗನಾ?" ಅನ್ನುತ್ತ ಅವರು ಸ್ಟೂಲು ಸರಿಸಿ, ಬರಿಗಾಲಲ್ಲಿ ಒದ್ದೆ ನೆಲ ತುಳಿದುಕೊಂಡು, ತೋಳು ಮಡಚುತ್ತ ಹೋದರು. ತಲೆಯೆಲ್ಲ ನೆರೆತ ಮನುಷ್ಯ. ಹೊಡೆದರೆ ಬುದ್ಧಿ ಬರುತ್ತದೋ, ಪ್ರಾಣವೇ ಹೋಗುತ್ತದೋ? ಏನು ಮಾಡಲು ಹೊರಟಿದ್ದೇನೆ ಅಂತ ಅವಳಿಗೆ ತನ್ನ ಮೇಲೇ ಹೆದರಿಕೆ ಹುಟ್ಟಿತು.

"ಮುಟ್ಬೇಡಿ ಸಾರ್!" ಅಂತ ಕಿರುಚಿದಳು.

ಕೈ ಅಲ್ಲೇ ನಿಂತಿತು. "ಏನಮ್ಮಾ ಇದು ನಾಟ್ಕ? ಅವತ್ತು ಹಿಡ್ಕೊಂಡಿದ್ನಲ್ಲ?"

ಕಿರುಚಿದ್ದಕ್ಕೆ ಬೆಚ್ಚಿದ ಅತ್ತೆ ಕೂಸನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದರು. "ಅವತ್ತು ನಾನು ಮೇನ್ ತೆಗ್ದಿದ್ದೆ ಕಣಪ್ಪಾ. ಈಗ ತೆಗ್ದಿಲ್ಲ. ಅಕೋ, ಫ್ಯಾನು ತಿರುಗ್ತಾ ಇದೆ ನೋಡು. ಅಷ್ಟು ಧೈರ್ಯ ಇದ್ರೆ ಮುಟ್ಟು."

ಓನರು ಫ್ಯಾನು ನೋಡಿದರು, ನಲ್ಲಿ ನೋಡಿದರು. ಮುಟ್ಟಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ. "ಮುಟ್ಟೋಕೇನು..." ಅಂದರು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಪುಟ್ಟಿಯನ್ನು ಯಾರೂ ನೋಡಲಿಲ್ಲ. ಸರಿಸಿದ ಸ್ಟೂಲಿನ ಪಕ್ಕದಿಂದ, ತಾಯಿಯ ಕಾಲು ದಾಟಿ, ತೊಟ್ಟಿಕ್ಕುವ ನೀರಿಗೆ ಕೇಕೆ ಹಾಕುತ್ತ ಕೂಸು ಒದ್ದೆ ನೆಲಕ್ಕೆ ಬಂದಾಗಿತ್ತು. ಪುಟಾಣಿ ಕೈ ಮೇಲೆದ್ದಿತು. ಹೊಲಿಗೆಯವಳಿಗೆ ಕಂಡಿತು, ಆದರೆ ಅವಳು ನಿಂತಲ್ಲೇ ನಿಂತುಬಿಟ್ಟಳು.

ಬಗ್ಗಿದವರು ಓನರು. ಕೂಸಿನ ಅಂಗಿ ಸಿಕ್ಕ ಕಡೆ ಹಿಡಿದು ಎದೆಗೆ ಎಳೆದುಕೊಂಡವರೇ "ಮೇನ್! ಅಜ್ಜೀ, ಮೇನ್ ತೆಗೀರಿ!" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿಕೊಂಡರು. ಫ್ಯಾನು ನಿಧಾನವಾಗಿ ನಿಂತಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ ಅವರು ಒಂದೇ ಕೈಯಲ್ಲಿ ಎಲೆಕ್ಟ್ರಿಷಿಯನ್ನಿಗೆ ಫೋನು ಹಚ್ಚಿದರು. "ಏನ್ ಕೆಲ್ಸ ಇದ್ರೂ ಬಿಟ್ಟು ಬಾರಯ್ಯ. ಇಲ್ಲಿ... ಇಲ್ಲೊಂದು ಮಗು ಇದೆ."

ಹೊಲಿಗೆಯವಳು ಅಳುತ್ತ ಎರಡೂ ಕೈ ಚಾಚಿದಳು. "ಕೊಡಿ ಸಾರ್ ನನ್ನ ಮಗೂನ."

"ತಡಿಯಮ್ಮ" ಅಂದರು ಓನರು. "ಅವನು ಬರ್ಲಿ." ಪುಟ್ಟಿ ಇಳಿಯಲು ಕೊಸರಾಡುತ್ತಿದ್ದಳು. ಅವರು ಬಿಡಲೇ ಇಲ್ಲ.