ಬೇವಿನ ಎಲೆ ತೇಲಿದ ಬೋಗುಣಿ

ನಾನು ಒಂದು ಹಿತ್ತಾಳೆಯ ಬೋಗುಣಿ. ಅನ್ನ ಬೇಯಿಸಲೆಂದು ಹುಟ್ಟಿದವಳು. ದೇವಾಲಯದ ಬೆಳ್ಳಿ ಬಟ್ಟಲುಗಳ ಸಾಲಿನಲ್ಲಿ ನನ್ನನ್ನು ಯಾರೂ ಇಡಲಿಲ್ಲ. ಇಡಿ ಎಂದು ನಾನೂ ಕೇಳಲಿಲ್ಲ. ಆದರೆ ನನ್ನೊಳಗಿನ ನೀರು ಸುಳ್ಳು ಎಂದು ಯಾರಾದರೂ ಅಂದರೆ ನಾನು ಒಪ್ಪುವವಳಲ್ಲ. ಒಮ್ಮೆ ಹಾಗೆ ಅಂದರು. ಆ ಕತೆಯನ್ನೇ ಹೇಳುತ್ತೇನೆ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕಂಚುಗಾರನೊಬ್ಬ ನನ್ನನ್ನು ಮಾಡಿದ. ತಗಡನ್ನು ಬೆಂಕಿಗೆ ಹಿಡಿದು, ಸುತ್ತಿಗೆಯಿಂದ ಬಡಿದು, ಮತ್ತೆ ಬೆಂಕಿಗೆ ಹಿಡಿದು. ಆ ಪೆಟ್ಟುಗಳ ಗುರುತು ಇಂದಿಗೂ ನನ್ನ ಮೈಮೇಲಿದೆ. ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ಸಿಗುತ್ತದೆ. ಒಳಗೆ ಕಲಾಯಿ ಹಾಕಿಸಿ, ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ಹೆಸರು ಕೊರೆದರು: ತಬಿತವ್ವ.

ತಬಿತವ್ವ ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಹೋದಾಗ ನಾನೂ ಅವಳ ಜೊತೆ ಹೋದೆ. ಆ ಓಣಿಯ ಕ್ರೈಸ್ತರು ಅಜ್ಜ ಮುತ್ತಜ್ಜರ ಕಾಲದಿಂದಲೂ ವಾರದಲ್ಲಿ ಆರು ದಿನ ಮಗ್ಗದ ಮುಂದೆ, ಏಳನೆಯ ದಿನ ದೇವಾಲಯದ ಬೆಂಚಿನ ಮೇಲೆ ಕೂರುವವರು. ಗಂಡ ಬೇಗ ತೀರಿಹೋದ. ತಬಿತವ್ವ ಅತ್ತೆಯಿಂದ ಸೂಲಗಿತ್ತಿಯ ಕೆಲಸ ಕಲಿತಳು. ಬಾಣಂತಿಯ ಮನೆಯಲ್ಲಿ ಎಂಥ ಪಾತ್ರೆ ಸಿಗುತ್ತದೋ ಎಂಬ ಅನುಮಾನ ಅವಳಿಗೆ. ಅದಕ್ಕೆ ಕರೆ ಬಂದಾಗಲೆಲ್ಲ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸೊಂಟದ ಮೇಲಿಟ್ಟುಕೊಂಡು ಹೊರಡುತ್ತಿದ್ದಳು. ಬೆಳಿಗ್ಗೆ ಅನ್ನ ಬೆಂದ ಬೋಗುಣಿಯಲ್ಲಿ ಮಧ್ಯಾಹ್ನ ಕೂಸಿಗೆ ಎರೆಯುವ ನೀರು. ಬಿಸಿನೀರಿಗೆ ಒಂದು ಹಿಡಿ ಬೇವಿನ ಎಲೆ ಹಾಕದೆ ಅವಳು ಯಾವ ಕೂಸಿಗೂ ಎರೆದವಳಲ್ಲ. ಯಾವ ಜಾತಿ, ಯಾವ ಮತ ಎಂದು ನಾನು ಕೇಳಲಿಲ್ಲ. ಒದ್ದೆಯಾದ ಕೂಸುಗಳೆಲ್ಲ ಒಂದೇ ರೀತಿ ಕಿರುಚುತ್ತವೆ.

ದೇವರ ವಿಷಯ ನಾನು ಕಲಿತದ್ದು ಅಡುಗೆಮನೆಯಲ್ಲೇ. ನನ್ನನ್ನು ತಿಕ್ಕುವಾಗ ತಬಿತವ್ವ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು: ಎಲ್ಲವನ್ನೂ ಮಾಡಿದ ತಂದೆ, ಒಬ್ಬ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿ, ಸತ್ತು, ಎದ್ದುಬಂದ ಮಗ, ಉಸಿರು ಕೊಡುವ ಪವಿತ್ರಾತ್ಮ, ಮೂವರಾದರೂ ಒಬ್ಬನೇ ದೇವರು. ಅವನ ಕೃಪೆ ದುಡಿದು ಗಳಿಸುವಂಥದ್ದಲ್ಲ, ಕೊಟ್ಟಾಗ ತೆಗೆದುಕೊಳ್ಳುವಂಥದ್ದು. ಸತ್ತವರು ಮಣ್ಣಿನಲ್ಲೇ ಉಳಿಯುವುದಿಲ್ಲ. ಮೂವರು ಒಬ್ಬನೇ ಆಗುವುದು ಹೇಗೋ ನನಗೆ ತಿಳಿಯದು. ಅವಳಿಗೂ ಪೂರ್ತಿ ತಿಳಿದಿರಲಿಕ್ಕಿಲ್ಲ. ಆದರೆ ಕೂಸನ್ನು ತಾಯಿಯ ಎದೆಗೆ ಹಚ್ಚುವಾಗ ಅವಳ ಕೈ ಹೇಗೆ ಅನುಮಾನಿಸುತ್ತಿರಲಿಲ್ಲವೋ, ಈ ಮಾತು ಹೇಳುವಾಗ ಬಾಯಿಯೂ ಅನುಮಾನಿಸುತ್ತಿರಲಿಲ್ಲ.

ಆಗಿನ ಸಭಾಪಾಲಕರು, ಎಲ್ಲರೂ ಅಯ್ಯನವರು ಎಂದು ಕರೆಯುತ್ತಿದ್ದವರು, ವಯಸ್ಸಾದವರು. ವಾರಗಟ್ಟಲೆ ಹಳ್ಳಿಯ ಸಭೆಗಳಿಗೆ ಹೋಗಿರುತ್ತಿದ್ದರು. ಅವರು ತಬಿತವ್ವಳಿಗೆ ಒಂದು ಮಾತು ಕಲಿಸಿದ್ದರು: ಹುಟ್ಟಿದ ಕೂಸು ಉಳಿಯುವ ಹಾಗಿಲ್ಲ, ತಾವು ಬರುವವರೆಗೆ ಜೀವ ಕಾಯುವುದಿಲ್ಲ ಅನ್ನಿಸಿದರೆ, ಅವಳೇ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಬೊಗಸೆ ನೀರು ಹಾಕಿ, ಕೂಸನ್ನು ಸಭೆಗೆ ಸೇರಿಸುವ ದೀಕ್ಷಾಸ್ನಾನ ಕೊಡಬೇಕು. ನಮ್ಮ ಮನೆಗೆ ಎರಡು ಮನೆ ಆಚೆಗಿದ್ದ ರಾಹೇಲಳಿಗೆ ಚೊಚ್ಚಲ ಹೆರಿಗೆಯಾದ ಮಧ್ಯಾಹ್ನ ಆ ಮಾತು ಬೇಕಾಯಿತು. ಹೆಣ್ಣು ಕೂಸು, ಅಂಗೈಯಷ್ಟು. ರಾಹೇಲ ತಲೆ ಎತ್ತಲಾರದೆ ಕೇಳಿದಳು:

“ತಬಿತಕ್ಕಾ, ಹೆಸರಿಲ್ಲದ ಕಳಸಬ್ಯಾಡ.”

ತಬಿತವ್ವ ನನ್ನೊಳಗೆ ಕೈ ಹಾಕಿದಳು. ಮೂರು ಬೊಗಸೆ. ‘ದೀನಾ’ ಎಂದು ಹೆಸರಿಟ್ಟಳು. ಕೂಸು ಒಂದು ತಾಸು ಇದ್ದು ಹೋಯಿತು. ಸಮಾಧಿಯ ಕಲ್ಲಿನ ಮೇಲೆ ರಾಹೇಲಳ ಗಂಡ ಯೋನಪ್ಪ ಅಷ್ಟನ್ನೇ ಬರೆಸಿದ: ದೀನಾ, ಒಂದು ತಾಸು.

ಎರಡು ವರ್ಷದ ಮೇಲೆ ರಾಹೇಲ ಮತ್ತೆ ಹೆತ್ತಳು. ಮತ್ತೆ ಹೆಣ್ಣು. ಮೈ ನೀಲಿ, ಅಳು ಇಲ್ಲ. ಅಯ್ಯನವರು ಆಗಲೂ ಊರಲ್ಲಿರಲಿಲ್ಲ. ತಬಿತವ್ವ ಕೂಸಿನ ಬೆನ್ನು ತಿಕ್ಕಿದಳು, ಬಾಯಿಗೆ ಬಾಯಿಟ್ಟು ಊದಿದಳು, ಕೊನೆಗೆ ನನ್ನನ್ನು ಹತ್ತಿರ ಎಳೆದುಕೊಂಡಳು. ಬೇವಿನ ಎಲೆಗಳನ್ನು ತೆಗೆಯಲು ಪುರುಸೊತ್ತು ಎಲ್ಲಿತ್ತು? ತಂದೆಯ ಹೆಸರಿಗೆ ಒಂದು ಬೊಗಸೆ, ಮಗನ ಹೆಸರಿಗೆ ಒಂದು. ಪವಿತ್ರಾತ್ಮನ ಹೆಸರು ಹೇಳಿ ಮೂರನೆಯದು ಹಾಕುವಾಗ ಕೂಸು ಕಿರುಚಿತು. ಅದರ ಹಣೆಗೆ ಒಂದು ಬೇವಿನ ಎಲೆ ಅಂಟಿಕೊಂಡಿತ್ತು. ನೀರು ಆರಿ ತಣ್ಣಗಾಗಿತ್ತು, ಅದಕ್ಕೇ ಅತ್ತಿತು ಅನ್ನುವವರು ಅನ್ನಲಿ. ಇರಬಹುದು. ನಾನು ಪವಾಡದ ಲೆಕ್ಕ ಹೇಳಲು ಬಂದವಳಲ್ಲ. ಅವಳನ್ನು ‘ಸುಗಂಧಿ’ ಎಂದು ಕರೆದದ್ದು ನನಗೆ ಗೊತ್ತು. ಅವಳು ಓಗೊಟ್ಟದ್ದೂ ಗೊತ್ತು.

ಊರಿಗೆ ಬಂದ ಅಯ್ಯನವರು ಎರಡೂ ಸಲ ರಿಜಿಸ್ಟರಿನಲ್ಲಿ ಬರೆದರು: ‘ಮನೆಯಲ್ಲಿ, ಸೂಲಗಿತ್ತಿ ತಬಿತವ್ವಳಿಂದ.’ ಆಮೇಲೆ ಹದಿನಾರು ವರ್ಷ ಆ ಪುಟವನ್ನು ಯಾರೂ ತೆರೆಯಲಿಲ್ಲ.

ಸುಗಂಧಿ ಬೆಳೆದು ದೃಢೀಕರಣದ ಪಾಠಕ್ಕೆ ಹೋಗತೊಡಗಿದಳು. ಚಿಕ್ಕಂದಿನಲ್ಲಿ ತನ್ನ ಪರವಾಗಿ ಹಿರಿಯರು ಆಡಿದ ವಿಶ್ವಾಸದ ಮಾತನ್ನು ಸಭೆಯ ಮುಂದೆ ನಿಂತು ತಾನೇ ಆಡುವುದು, ಅಂದಿನಿಂದ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಸೇರುವುದು, ಇದು ದೃಢೀಕರಣ. ಸಾಯಂಕಾಲ ತಬಿತವ್ವಳ ಅಡುಗೆಮನೆಗೆ ಬಂದು, ಅಕ್ಕಿ ಆರಿಸುತ್ತ, ಪ್ರಶ್ನೋತ್ತರಗಳನ್ನು ಒಪ್ಪಿಸುತ್ತಿದ್ದಳು. ಆಗ ಸಭೆಗೆ ಹೊಸ ಅಯ್ಯನವರು ಬಂದಿದ್ದರು, ಚಿಕ್ಕ ವಯಸ್ಸಿನವರು. ರಿಜಿಸ್ಟರು ಸಭಾಹಿರಿಯ ಜಯಶೀಲಪ್ಪನವರ ಕೈಯಲ್ಲಿತ್ತು. ಅವರು ನಿವೃತ್ತ ಹೆಡ್‌ಮಾಸ್ತರರು. ಕೆಟ್ಟವರೆಂದು ನಾನು ಹೇಳುವುದಿಲ್ಲ. ಗೆರೆ ದಾಟಿದ ಅಕ್ಷರ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಅವರ ಕಣ್ಣಿಗೆ ಆ ಪುಟ ಬಿತ್ತು.

ಪುನರುತ್ಥಾನದ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ರಾಹೇಲಳನ್ನೂ ಮಗಳನ್ನೂ ಹಿರಿಯರ ಕೋಣೆಗೆ ಕರೆಸಿದರು. ತಬಿತವ್ವಳನ್ನು ಯಾರೂ ಕರೆದಿರಲಿಲ್ಲ. ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕದಲ್ಲೇ ಟಣ್ ಎಂದು ಇಟ್ಟಳು.

ಜಯಶೀಲಪ್ಪನವರು ಕನ್ನಡಕ ಸರಿಮಾಡಿಕೊಂಡರು. “ರಾಹೇಲವ್ವಾ, ನಿನ್ನ ಮಗಳ ದೀಕ್ಷಾಸ್ನಾನ ಆಗೇತಿ ಅಂತ ಹೆಂಗ ಹಿಡೀಲಿ? ಅಯ್ಯನವರಿಲ್ಲ, ಹಿರೇರಿಲ್ಲ, ದೇವಾಲಯ ಇಲ್ಲ. ಅನ್ನದ ಬೋಗುಣಿ! ಅದೂ ಬೇವಿನ ತಪ್ಪಲಾ ಹಾಕಿದ್ದ ನೀರು!”

ಬೇವಿನ ಎಲೆಯ ಕತೆಯನ್ನು ಓಣಿಗೆಲ್ಲ ಹೇಳಿದ್ದವಳು ತಬಿತವ್ವಳೇ. ಅವಳೇ ಬಾಯಿ ತೆಗೆದಳು.

“ಯೊರ್ದನ್ ಹೊಳ್ಯಾಗ ಏನೂ ತೇಲಾಕತ್ತಿದ್ದಿಲ್ಲೇನೋ ಜಯಶೀಲಾ? ಕರ್ತ ದೀಕ್ಷಾಸ್ನಾನಕ್ಕ ಇಳಿಯೂಕಿಂತ ಮೊದಲ ಯಾರರ ಸೋಸಿ ಇಟ್ಟಿದ್ರೇನು?”

ಯಾರೋ ನಕ್ಕರು. “ಅಜ್ಜೀ, ಇದು ಚಾಷ್ಟಿ ಮಾಡೂ ವಿಷಯ ಅಲ್ಲ,” ಎಂದರು ಜಯಶೀಲಪ್ಪನವರು, ಕಿವಿ ಕೆಂಪಗಾಗಿ.

“ನಾನೆಲ್ಲಿ ಚಾಷ್ಟಿ ಮಾಡೇನಿ? ನಿನ್ನ ಮೂರೂ ಮಕ್ಕಳನ್ನ ಇದ ಬೋಗುಣಿ ನೀರಿನ್ಯಾಗ ತೊಳದೇನಿ. ಅವಾಗ ಹೊಲಸಿದ್ದಿಲ್ಲ, ಈಗ ಹೊಲಸಾತೇನು? ಕರ್ತನ್ನ ದನದ ಗ್ವಾದಲ್ಯಾಗ ಮಲಗಿಸಿದ್ರಪಾ. ಜಾಗಾ ಚೊಲೋ ಇಲ್ಲ, ಮತ್ತೊಮ್ಮೆ ಹುಟ್ಟು ಅಂತ ಯಾರರ ಅಂದ್ರೇನು?”

ಅಯ್ಯನವರು ಮೆಲ್ಲನೆ ನಡುವೆ ಬಂದರು. “ಅಜ್ಜೀ, ನಿಮ್ಮನ್ನ ಯಾರೂ ಸುಳ್ಳ ಅನ್ನೂದಿಲ್ಲ. ಒಂದು ಶನಿವಾರ ಸಂಜೀಕ ನಾವು ನಾಕ ಮಂದಿ ಕೂಡಿ ಒಂಚೂರು ನೀರು ಹಾಕಿದ್ರ ಎಲ್ಲಾ ಸರಳ ಆಗ್ತೈತಿ. ಯಾರಿಗೂ ಗೊತ್ತಾಗೂದಿಲ್ಲ.”

“ದೇವರಿಗೆ ಗೊತ್ತಾಗ್ತೈತಲ್ರೀ ಅಯ್ಯಾರ,” ಎಂದಳು ಸುಗಂಧಿ. “ನೀವ ಕಲಿಸೀರಿ, ಕೈ ಮನಿಷಾರದು, ಕೆಲಸ ದೇವರದು ಅಂತ. ದೀಕ್ಷಾಸ್ನಾನ ಒಂದ ಅಂತ. ಈಗ ಎರಡನೇದು ತಗೊಂಡು, ಭಾನುವಾರ ನಿಂತು ಒಂದ ಅಂತ ಹೆಂಗ ಹೇಳ್ಲಿ?”

ಅಯ್ಯನವರಿಗಿಂತ ಮೊದಲು ಜಯಶೀಲಪ್ಪನವರೇ ತೀರ್ಪು ಹೇಳಿದರು: ಹೊಸದಾಗಿ ದೀಕ್ಷಾಸ್ನಾನ ಆಗದಿದ್ದರೆ ದೃಢೀಕರಣ ಇಲ್ಲ, ದೃಢೀಕರಣ ಇಲ್ಲದಿದ್ದರೆ ಕರ್ತನ ಭೋಜನವೂ ಇಲ್ಲ.

ರಾಹೇಲ ಎದ್ದು ನಿಂತಳು. “ಹಂಗಾದ್ರ ನಾನೂ ಭೋಜನಕ್ಕ ಬರೂದಿಲ್ರೀ. ನನ್ನ ಮಗಳು ಎಲ್ಲಿ ಕುಂದರ್ತಾಳೋ ನಾನೂ ಅಲ್ಲೇ.”

ನಮ್ಮ ಮನೆಗೆ ಬಂದು, ಒಲೆಯ ಮುಂದೆ ಕುಳಿತ ಮೇಲೆ ರಾಹೇಲ ಅತ್ತಳು. ಅಲ್ಲಿ ಆಡದ ಮಾತನ್ನು ಇಲ್ಲಿ ಆಡಿದಳು. “ತಬಿತಕ್ಕಾ, ಸುಗಂಧಿ ಮತ್ತೊಮ್ಮೆ ನೀರು ಹಾಕಿಸ್ಕೊಂಡ್ರ ಏನಾಕ್ಕೈತಿ, ಮೈ ಒರಸ್ಕೊಂಡು ಬರ್ತಾಳ. ಆದ್ರ ಈಕೀದು ಸುಳ್ಳಂದ್ರ ದೀನಾಂದೂ ಸುಳ್ಳಾತಲ್ಲ? ಒಂದ ಬೋಗುಣಿ, ಒಂದ ಕೈ. ಆ ಒಂದು ತಾಸಿನ್ಯಾಗ ಆ ಕೂಸಿಗೆ ನಾ ಕೊಟ್ಟಿದ್ದು ಅದೊಂದ.”

ತಬಿತವ್ವ ಅವಳ ಬೆನ್ನ ಮೇಲೆ ಕೈ ಆಡಿಸುತ್ತ ಕುಳಿತಳು. ನನ್ನಲ್ಲಿ ಅನ್ನ ಉಕ್ಕಿ ಒಲೆಗೆ ಸುರಿಯಿತು, ಇಬ್ಬರೂ ನೋಡಲಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನ ಕರ್ತನ ಭೋಜನ. ಸಭೆಯೆಲ್ಲ ಎದ್ದು ಮುಂದೆ ಹೋದಾಗ ಮೂವರು ಬೆಂಚಿನಲ್ಲೇ ಕುಳಿತರಂತೆ: ತಾಯಿ, ಮಗಳು, ಮುದುಕಿ. ಪಿಸುಮಾತು ಎದ್ದಿತಂತೆ. ಆದರೆ ವಿಶ್ವಾಸಪ್ರಮಾಣ ಹೇಳುವಾಗ ಇಡೀ ದೇವಾಲಯದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕೇಳಿಸಿದ್ದು ಸುಗಂಧಿಯ ದನಿಯಂತೆ.

ಪುನರುತ್ಥಾನದ ಹಬ್ಬದ ಬೆಳಿಗ್ಗೆ ಆ ಸಭೆಯವರು ಸೂರ್ಯ ಹುಟ್ಟುವ ಹೊತ್ತಿಗೆ ಸಮಾಧಿಗಳ ನಡುವೆ ಕೂಡುತ್ತಾರೆ. ಹಿಂದಿನ ದಿನವೇ ಹುಲ್ಲು ಕಿತ್ತು, ಸುಣ್ಣ ಬಳಿದಿರುತ್ತಾರೆ. ಕರ್ತ ಎದ್ದ, ಇವರೂ ಏಳುತ್ತಾರೆ ಎಂದು ಹಾಡಿ, ಅಯ್ಯನವರು ಸಾಲು ಸಾಲಾಗಿ ಸಮಾಧಿಗಳ ಮುಂದೆ ನಿಂತು ಒಂದೊಂದೇ ಹೆಸರನ್ನು ಓದುತ್ತಾರೆ. ಮೂಲೆಯ ಸಣ್ಣ ಸಮಾಧಿಗಳ ಬಳಿ ಬಂದಾಗ ಮಾತ್ರ ‘ಮತ್ತು ಈ ಕೂಸುಗಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಹಿಂದಿನಿಂದ ಬಂದ ವಾಡಿಕೆ. ಆ ವರ್ಷ ರಾಹೇಲ ನನ್ನಲ್ಲಿ ನೀರು ತುಂಬಿ, ಮೇಲೆ ಮಲ್ಲಿಗೆ ಬಿಟ್ಟು ತಂದಿದ್ದಳು. ದೀನಾಳ ಕಲ್ಲಿನ ಪಕ್ಕ ನನ್ನನ್ನು ಇಟ್ಟು ನಿಂತಳು.

“ಮತ್ತು ಈ ಕೂಸುಗಳು,” ಎಂದು ಅಯ್ಯನವರು ಪುಟ ತಿರುವಿದರು.

“ಅಯ್ಯಾರ.”

ರಾಹೇಲ ಜೋರಾಗಿ ಕರೆಯಲಿಲ್ಲ. ಆದರೂ ಎಲ್ಲರೂ ತಿರುಗಿದರು.

“ಸುಗಂಧಿಗೆ ಶನಿವಾರ ಮತ್ತ ನೀರು ಹಾಕ್ತೇವಿ ಅಂದ್ರಿ. ಹಾಕೂದಾದ್ರ ಹಾಕ್ರಿ. ಆದ್ರ ಈಕೀನೂ ಅದ ಬೋಗುಣ್ಯಾಗ ದೀಕ್ಷಾಸ್ನಾನ ಆದಾಕಿ. ಈಕೀಗೆ ಯಾವ ಶನಿವಾರ ಹಾಕ್ತೀರಿ?”

ಅಯ್ಯನವರು ಕಲ್ಲನ್ನು ನೋಡಿದರು. ಅದರ ಮೇಲಿದ್ದ ಮೂರು ಮಾತುಗಳನ್ನು ಓದಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವರ ಕೈಯಲ್ಲಿದ್ದ ಮೇಣದ ಬತ್ತಿ ಬೆರಳ ಮೇಲೆ ಕರಗುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅಯ್ಯಾರ, ಮುಂದಿನ ಸಾಲು...” ಎಂದರು ಜಯಶೀಲಪ್ಪನವರು.

“ತಡೀರಿ ಹಿರೇರ. ಈ ಹೆಸರು ಇನ್ನೂ ಓದಿಲ್ಲ.”

ಅವರು ಕಲ್ಲಿನ ಮುಂದೆ ಮೊಣಕಾಲೂರಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: “ದೀನಾ. ಯೋನಪ್ಪ, ರಾಹೇಲ ಇವರ ಮಗಳು. ದೀಕ್ಷಾಸ್ನಾನ ಆದಾಕಿ. ನಮ್ಮ ಸಭಾದಾಕಿ.”

ಮೊದಲ ‘ಆಮೆನ್’ ತಬಿತವ್ವಳದು. ಅದರ ಹಿಂದೆ ಉಳಿದವರದು. ಜಯಶೀಲಪ್ಪನವರ ತುಟಿ ಅಲ್ಲಾಡಿತೋ ಇಲ್ಲವೋ ನನಗೆ ಕಾಣಲಿಲ್ಲ. ನಾನು ಕೆಳಗಿದ್ದೆ, ನನಗೆ ಕಂಡದ್ದು ಅವರ ಚಪ್ಪಲಿ ಮಾತ್ರ. ಅವು ಹಿಂದೆ ಸರಿಯಲಿಲ್ಲ.

ಐವತ್ತು ದಿನ ಕಳೆದು ಬಂದ ಪಂಚಾಶತ್ತಮ ಹಬ್ಬದಂದು ಸುಗಂಧಿಯ ದೃಢೀಕರಣ ಆಯಿತು. ಅವಳಿಗೆ ಯಾರೂ ಮತ್ತೆ ನೀರು ಹಾಕಲಿಲ್ಲ. ಜಯಶೀಲಪ್ಪನವರು ಅಂದು ಕೆಮ್ಮು ಎಂದು ಬರಲಿಲ್ಲ. ಆದರೆ ಅಯ್ಯನವರು ಹೇಳಿದ ಮಾತನ್ನು ರಿಜಿಸ್ಟರಿನ ಹಳೆಯ ಎರಡು ಸಾಲುಗಳ ಮುಂದೆ ಜಯಶೀಲಪ್ಪನವರೇ ಬರೆದಿದ್ದರು: ‘ಇದು ಸರಿಯಾದ ದೀಕ್ಷಾಸ್ನಾನ.’ ಮುತ್ತಿನಂಥ ಅಕ್ಷರವಂತೆ. ಗೆರೆ ದಾಟಿರಲಿಲ್ಲವಂತೆ.

ತಬಿತವ್ವ ತೀರಿಕೊಂಡಾಗ ನಾನು ಸುಗಂಧಿಯ ಮನೆಗೆ ಬಂದೆ. ಅವಳ ಮಕ್ಕಳಿಗೂ ನನ್ನಲ್ಲೇ ಬೇವಿನ ನೀರು ಕಾಯಿತು. ಸಭೆಯ ನೂರೈವತ್ತು ವರ್ಷದ ಹಬ್ಬ ಬಂದಾಗ, ಅಂದು ಹಿರಿಯರಾಗಿದ್ದವರು ಬಂದು ನನ್ನನ್ನು ಕೇಳಿದರು. ಹೊಳಪು ಕೊಡಿಸಿ, ಗಾಜಿನ ಕಪಾಟಿನಲ್ಲಿಟ್ಟು, ಕೆಳಗೆ ಹೆಸರು ಬರೆಯುತ್ತಾರಂತೆ.

“ಆಗೂದಿಲ್ರೀ,” ಎಂದಳು ಸುಗಂಧಿ. “ಅದರಾಗ ಅನ್ನ ಮಾಡೂದೈತಿ.”

ಅಂದು ನನಗಾದ ಹೆಮ್ಮೆ ಯಾವ ಬೆಳ್ಳಿ ಬಟ್ಟಲಿಗೂ ಆಗಿರಲಿಕ್ಕಿಲ್ಲ. ನಾನು ಅನ್ನದ ಬೋಗುಣಿಯಾಗಿದ್ದಾಗಲೇ ಆ ನೀರು ನನ್ನಲ್ಲಿತ್ತು. ನಾನು ಬೇರೆ ಏನೋ ಆದ ಮೇಲೆ ಮಾತ್ರ ಅದು ನಿಜವಾಗುವುದಾದರೆ, ಅಂಥ ನಿಜ ನನಗೆ ಬೇಡ.

ಈಗ ಮನೆ ತುಂಬ ಸ್ಟೀಲಿನ ಪಾತ್ರೆಗಳು. ನನ್ನ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ. ಕಲಾಯಿ ಹಾಕುವವರು ಈ ಓಣಿಗೆ ಬಂದು ಎಷ್ಟೋ ವರ್ಷವಾಯಿತು. ಮೊನ್ನೆ ಹಳೆ ಪಾತ್ರೆ ಕೊಳ್ಳುವ ಮೋಡ್ಕಾ ಸಾಮಾನಿನವನು ಬಾಗಿಲಲ್ಲಿ ನಿಂತು ನನ್ನನ್ನು ಬೆರಳಿನಿಂದ ಬಡಿದು ನೋಡಿದ. “ಕೊಡ್ರಿ ಅಮ್ಮಾ, ಕರಗಿಸಿ ಹೊಸಾದು ಮಾಡ್ತಾರ,” ಎಂದ. ಸುಗಂಧಿ ಮಾತಾಡದೆ ನನ್ನನ್ನು ಅವನ ಕೈಯಿಂದ ತೆಗೆದುಕೊಂಡಳು. ಅವಳ ಕೂದಲೂ ಬೆಳ್ಳಗಾಗಿದೆ.

ಕರಗುವುದಕ್ಕೆ ನನಗೆ ಹೆದರಿಕೆ ಇಲ್ಲ. ಬೆಂಕಿ ನನಗೆ ಹೊಸದಲ್ಲ, ಅದರಿಂದಲೇ ಬಂದವಳು. ಈ ದೇಹ ಮಣ್ಣಿನಿಂದ ಮತ್ತೆ ಏಳುತ್ತದೆ ಎಂದು ಪ್ರತಿ ಭಾನುವಾರ ಎದ್ದು ನಿಂತು ಹೇಳುವ ಜನರ ಮನೆಯಲ್ಲಿ ಇಷ್ಟು ವರ್ಷ ಇದ್ದವಳು ನಾನು. ಆದರೆ ನನ್ನ ಕೆಲಸ ಇನ್ನೂ ಮುಗಿದಿಲ್ಲ.

ಪುನರುತ್ಥಾನದ ಹಬ್ಬದ ಬೆಳಿಗ್ಗೆ ಸುಗಂಧಿ ಈಗಲೂ ನನ್ನಲ್ಲಿ ನೀರು ತುಂಬಿ, ಮಲ್ಲಿಗೆ ಬಿಟ್ಟು, ಸೊಂಟದ ಮೇಲಿಟ್ಟುಕೊಂಡು ಹೊರಡುತ್ತಾಳೆ. ಓಣಿಯುದ್ದಕ್ಕೂ ನನ್ನ ತಳದಿಂದ ನೀರು ತೊಟ್ಟಿಕ್ಕುತ್ತ ಹೋಗುತ್ತದೆ. ಅವಳ ಸೀರೆ ನೆನೆಯುತ್ತದೆ. ಬೇರೆ ಪಾತ್ರೆ ತರಬಾರದೇ ಎಂದು ಹಾದಿಯಲ್ಲಿ ಕೇಳುವವರು ಕೇಳುತ್ತಾರೆ. ಅವಳು ನಗುತ್ತ ಮುಂದೆ ನಡೆಯುತ್ತಾಳೆ.

ಸೋರಲಿ. ಅಕ್ಕನ ಕಲ್ಲಿನ ಹತ್ತಿರ ಹೋಗುವ ಹೊತ್ತಿಗೆ ಮೂರು ಬೊಗಸೆ ಉಳಿದಿದ್ದರೆ ಸಾಕು. ಇಲ್ಲಿಯವರೆಗೆ ಒಂದು ವರ್ಷವೂ ಕಡಿಮೆ ಬಿದ್ದಿಲ್ಲ.