ಆಡು ಯಾರದು, ನಾಯಿ ಯಾರದು

ಪರಪ್ಪನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಡೇರಿಯವನು ಹಾಲಿನ ಫ್ಯಾಟು ಕಡಿಮೆ ತೋರಿಸುತ್ತಾನೆ, ಗಿರಣಿಯವನು ಹಿಟ್ಟು ಉಳಿಸಿಕೊಳ್ಳುತ್ತಾನೆ, ಕಂಡಕ್ಟರ್ ಚೀಲದ ತುಂಬ ಚಿಲ್ಲರೆ ಇಟ್ಟುಕೊಂಡು ಇಲ್ಲ ಅನ್ನುತ್ತಾನೆ. ಹೆಂಡತಿ ಶಿವವ್ವ ಬಾಜೂ ಮನೆಗೆ ಹೋಗಿ ಹೆಪ್ಪು ಇಸಿದುಕೊಂಡು ಬಂದರೂ "ಎಲ್ಲಿಗಿ ಹೋಗಿದ್ದಿ, ಯಾಕ ತಡಾ ಆತು" ಎಂದು ಕೇಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. ಜಗತ್ತಿನಲ್ಲಿ ಅವನು ಅನುಮಾನಪಡದ ಜೀವ ಒಂದೇ ಒಂದು, ಅವನ ನಾಯಿ ಪಿಂಟ್ಯಾ. ಇಂಥವನನ್ನು ನಾವು ಪಂಚಾಯಿತಿಗೆ ಆರಿಸಿ ಕಳಿಸಿದ್ದೂ ಇದೇ ಗುಣ ನೋಡಿ. ಉಳಿದ ಸದಸ್ಯರ ಮೇಲೆ ಒಬ್ಬನಾದರೂ ಕಣ್ಣಿಟ್ಟಿರಲಿ ಎಂದು.

ನಮ್ಮೂರು ಅರಭಾವಿಯಿಂದ ಒಳಗೆ, ಕಾಲುವೆಯ ಬದಿಗೆ. ಮೂಡಲಗಿ ರಸ್ತೆಗೆ ಕೋಳಿ ಅಂಗಡಿಗಳು ಹೆಚ್ಚಾದ ಮೇಲೆ ಅಲ್ಲಿ ಬಿಸಾಡಿದ್ದನ್ನು ತಿಂದು ನಾಯಿಗಳು ಕೊಬ್ಬಿದವು. ಕೋಳಿ ಸಾಲದಾದಾಗ ಕುರಿ, ಆಡು, ಎಳೆಗರು ಯಾವುದನ್ನೂ ಬಿಡಲಿಲ್ಲ. ಜನ ಪಂಚಾಯಿತಿಗೆ ಬಂದು ಗೋಳಾಡಿದಾಗ ದಾರಿ ತೋರಿಸಿದವನು ಪರಪ್ಪ. ನಾಯಿ ಸಾಕಿದ ಮನೆಯವರು ವರ್ಷಕ್ಕೊಮ್ಮೆ ಕರ ಕಟ್ಟಬೇಕು, ಆ ಹಣದಿಂದ ಆಡು ಕುರಿ ಕಳೆದುಕೊಂಡವರಿಗೆ ಪರಿಹಾರ ಕೊಡಬೇಕು. ಎಲ್ಲರೂ ಹೌದೌದು ಅಂದರು. ಆದರೆ ಪರಪ್ಪ ಪರಪ್ಪನೇ ಅಲ್ಲವೆ, ಆಡನ್ನು ಕೊಯ್ದು ತಿಂದು ನಾಯಿ ತಿಂತು ಅಂದರೆ ಏನು ಗತಿ ಎಂದು ಒಂದು ನಿಯಮವನ್ನೂ ಸೇರಿಸಿದ. ಪರಿಹಾರ ಬೇಕಾದವರು ಸತ್ತ ಆಡು ಯಾರದು, ಕೊಂದ ನಾಯಿ ಯಾರದು ಎಂದು ಸಭೆಯ ಎದುರು ಬಾಯಿಬಿಟ್ಟು ಹೇಳಬೇಕು.

ಕರ ಬಂದದ್ದೇ ತಡ, ಊರಿನ ನಾಯಿಗಳೆಲ್ಲ ಅನಾಥವಾದವು. ಅಧ್ಯಕ್ಷ ಭೀಮಶಿಯ ಕಟ್ಟೆಯ ಮೇಲೆ ಅವನದೇ ನಾಯಿ ಅವನ ಕಾಲಿಗೆ ಒರಗಿ ಮಲಗಿರುತ್ತಿತ್ತು. ಕೇಳಿದರೆ "ಯಾರದೋ ಏನೋ, ಬಂದ ಬೀಳತೈತಿ" ಅನ್ನುತ್ತಿದ್ದ. ಪರಪ್ಪ ಮಾತ್ರ ಎದೆಯೆತ್ತಿ ಹೋಗಿ ಪಿಂಟ್ಯಾನ ಕರ ಕಟ್ಟಿ ಬಂದ. ಕಳ್ಳರ ಊರಲ್ಲಿ ಸಾಚಾ ಇರುವವರು ತಾನು ಮತ್ತು ತನ್ನ ನಾಯಿ ಎಂಬ ಠೀವಿ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ಸುಲ್ತಾನಾಬಿಯ ಹಿಂಡಿನ ಒಂದು ಆಡು ಸತ್ತಿತು. ಅವಳದು ಕಾಲುವೆ ಓಣಿಯ ಕೊನೆಯ ಮನೆ. ಗಂಡ ಮೈನೋದ್ದೀನ ಗೋಕಾಕದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಇವಳು ಆಡು ಮೇಯಿಸುತ್ತಾಳೆ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಹಾಡುಹಗಲೇ ನಾಯಿ ಬಿದ್ದು, ಮರಿ ಹಾಕಿದ್ದ ಎಳೆ ಆಡಿನ ಕುತ್ತಿಗೆ ಹಿಡಿದಿತ್ತು. ಕರ ಶುರುವಾದ ಮೇಲೆ ಇದೇ ಮೊದಲ ಪ್ರಕರಣ. ಊರೆಲ್ಲ ನೋಡುತ್ತಿತ್ತು. ಪರಿಹಾರ ಕೈಗೆ ಬಂದರೆ ಜನ ಕರ ಕಟ್ಟುತ್ತಾರೆ, ಇಲ್ಲವಾದರೆ ಪರಪ್ಪನ ಯೋಜನೆ ಅಲ್ಲಿಗೇ ಮುಗಿಯಿತು. ಆದರೆ ಸುಲ್ತಾನಾಬಿ ಪಂಚಾಯಿತಿಯ ಕಡೆ ತಲೆಹಾಕಲಿಲ್ಲ. ಪರಪ್ಪನೇ ಅವಳ ಮನೆಗೆ ಹೋದ.

"ಪರಿಹಾರ ಬ್ಯಾಡೇನ ಬೇ ನಿನಗ?"

"ಬ್ಯಾಡ್ರಿ ಅಣ್ಣಾರ. ಹೋತು, ಹೋತು."

"ನಾಯಿ ಯಾವದು, ಅದನ್ನರೆ ಹೇಳು."

"ನಾ ನೋಡಲಿಲ್ರಿ." ಅವಳು ಮೊರದಲ್ಲಿಯ ಜೋಳ ಕೇರುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

ಬರುವ ದುಡ್ಡು ಬೇಡ ಅನ್ನುವ ಮನುಷ್ಯರನ್ನು ಪರಪ್ಪ ಈವರೆಗೆ ಕಂಡಿರಲಿಲ್ಲ. ಅವನ ತಲೆಯೊಳಗೆ ಹುಳ ಹೊಕ್ಕಿತು. ಆಡನ್ನು ಮನೆಯವರೇ ಕೊಯ್ದು ತಿಂದಿರಬೇಕು ಎಂದುಕೊಂಡು ಭೀಮಶಿಯನ್ನು ಎಳೆದುಕೊಂಡು ಕಾಲುವೆ ದಂಡೆಗೆ ಹೋಗಿ, ಹೂತ ಜಾಗವನ್ನು ತಾನೇ ಅಗೆದ. ಮೂಗು ಮುಚ್ಚಿಕೊಂಡು ನೋಡಿದರೆ ಆಡು ಇಡಿಯಾಗಿ ಇತ್ತು, ಗಂಟಲು ಹರಿದಿತ್ತು. ಭೀಮಶಿ ಉಗುಳಿ ದೂರ ಸರಿದ. ಪರಪ್ಪ ಮಾತ್ರ ಬಗ್ಗಿ ನೋಡುತ್ತಲೇ ನಿಂತ. ಆಡಿನ ಕೊರಳಲ್ಲಿ ಹಳೆ ಸೀರೆ ಹರಿದು ಹೆಣೆದ ಹಗ್ಗವಿತ್ತು, ಹಸಿರು ಒಡಲು, ಕೆಂಪು ಅಂಚು. ಎಲ್ಲೋ ನೋಡಿದ ಬಣ್ಣ.

ಎಲ್ಲಿ ನೋಡಿದ್ದು ಎಂಬುದು ಸಂಜೆ ಮನೆಯ ಅಂಗಳದಲ್ಲೇ ಗೊತ್ತಾಯಿತು. ಎಮ್ಮೆಯ ಕರುವಿನ ಕೊರಳಲ್ಲೂ ಅದೇ ಹಗ್ಗ. ಶಿವವ್ವ ತವರೂರು ಹುಕ್ಕೇರಿಯ ಮದುವೆಗೆಂದು ತೆಗೆದುಕೊಂಡಿದ್ದ ಸೀರೆ ಅದು. ಇಷ್ಟು ಕೊಟ್ಟು ಯಾಕೆ ತಗೊಂಡಿ ಎಂದು ಅವಳ ತಲೆ ತಿಂದಿದ್ದರಿಂದ ಅವನಿಗೆ ಅದರ ನೆನಪು ಪಕ್ಕಾ ಇತ್ತು. ಅಂದರೆ ಈ ಮನೆಯ ವಸ್ತು ಕದ್ದು ಆ ಮನೆಗೆ ಹೋಗುತ್ತಿದೆ. ಇವತ್ತು ಸೀರೆ, ನಾಳೆ ಏನು? ಅವತ್ತು ಅವನು ಏನನ್ನೂ ಕೇಳಲಿಲ್ಲ. ಪಿಂಟ್ಯಾನ ಪಕ್ಕ ಕೂತು ಅದರ ಎಡಗಾಲಿಗೆ ಅರಿಶಿಣ ಹಚ್ಚಿದ. ಆಡು ಸತ್ತ ವಾರದಿಂದಲೇ ಅದು ಕುಂಟುತ್ತಿತ್ತು. ಓಣಿಯ ಹುಡುಗರು ಕಲ್ಲು ಒಗೆದಿದ್ದಾರೆಂದು ಅವನು ಅವರ ತಾಯಂದಿರ ಜೊತೆ ಜಗಳವಾಡಿಯೂ ಆಗಿತ್ತು. "ನೀ ಒಬ್ಬನ ನೋಡಪಾ ಖರೆ ಇದ್ದಾಂವ" ಎಂದು ಅದರ ತಲೆ ಸವರಿದ.

ಮರುದಿನ ಊಟ ಮುಗಿಸಿ, ಗೋಕಾಕಕ್ಕೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ ಬಸ್ ಸ್ಟ್ಯಾಂಡಿನ ತನಕ ಹೋದ. ಬಸ್ಸು ಬಂತು, ಹೋಯಿತು. ಅವನು ಕಬ್ಬಿನ ಮರೆಯಿಂದ ಕಾಲುವೆ ಓಣಿಗೆ ಬಂದ. ಶಿವವ್ವ ಸೊಪ್ಪು ತಪ್ಪಲಿನ ಹೊರೆ ಹೊತ್ತು ಸುಲ್ತಾನಾಬಿಯ ಹಿತ್ತಲಿಗೆ ಹೋಗುವುದು ಕಾಣಿಸಿತು. ಇವನೂ ಹಿಂದೆಯೇ ನುಗ್ಗಿದ. ಶಿವವ್ವ ನೆಲದ ಮೇಲೆ ಕೂತು ಪುಟ್ಟ ಆಡಿನ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅವಳ ಮುಖದಲ್ಲಿ ಅಂಥ ನಗುವನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಅದು ಕೂಡ ಅವನಿಗೆ ಅನುಮಾನಕ್ಕೇ ಕಾರಣವಾಯಿತು.

"ಏನ ನಡದೈತಿ ಇಲ್ಲಿ?"

ಸುಲ್ತಾನಾಬಿ ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಅಣ್ಣಾರ, ಕುಂದರ್ರಿ. ಚಾ ಇಡತೇನಿ."

"ಚಾ ಬ್ಯಾಡ. ಸತ್ತ ಆಡು ಯಾರದು?"

ಸುಲ್ತಾನಾಬಿ ಶಿವವ್ವನ ಕಡೆ ನೋಡಿದಳು. ಶಿವವ್ವ ಬಾಟಲಿ ಕೆಳಗಿಡಲಿಲ್ಲ. "ನಂದ್ರಿ" ಅಂದಳು.

ನಮ್ಮ ಕಡೆ ಆಡನ್ನು ಪಾಲಿಗೆ ಕೊಡುವ ರೂಢಿ ಇದೆ. ಆಡು ಒಬ್ಬರದು, ಮೇಯಿಸಿ ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ, ಬಂದ ದುಡ್ಡಿನಲ್ಲಿ ಇಬ್ಬರಿಗೂ ಅರ್ಧರ್ಧ. ಲಿಂಗಾಯತರ ಮನೆಯ ಶಿವವ್ವ ಅಂಗಳದಲ್ಲಿ ಆಡು ಕಟ್ಟುವಂತಿರಲಿಲ್ಲ, ಪರಪ್ಪನಂಥ ಗಂಡನಿಗೆ ಹೇಳುವಂತೆಯೂ ಇರಲಿಲ್ಲ. ತವರಿನಿಂದ ಬಂದ ಉಡುಗೊರೆಯ ಹಣದಲ್ಲಿ ಒಂದು ಮರಿ ಕೊಂಡು ಸುಲ್ತಾನಾಬಿಯ ಹತ್ತಿರ ಪಾಲಿಗೆ ಬಿಟ್ಟಿದ್ದಳು. ಗಂಡ ಹೊರಗೆ ಹೋದಾಗಲೆಲ್ಲ ಬಂದು ನೋಡಿ ಹೋಗುತ್ತಿದ್ದಳು. ಮಗಳು ಗುಲ್ನಾಜಳಿಗೆ ಹೊಲಿಗೆ ಮಶೀನು ಕೊಡಿಸಬೇಕೆಂದು ಸುಲ್ತಾನಾಬಿಯೂ ಅದೇ ಆಡಿನ ಮೇಲೆ ಆಸೆ ಇಟ್ಟುಕೊಂಡಿದ್ದಳು.

ಪರಪ್ಪನಿಗೆ ಸಿಟ್ಟಿಗಿಂತ ಮೊದಲು ಹುರುಪು ಬಂತು. "ನಮ್ಮದ ಆಡು ಅಂದ ಮ್ಯಾಲ ಬಿಡೂದೇನ? ನಾಯಿ ಯಾವದು ಹೇಳ್ರಿ. ಭೀಮಶೀದ ಹೌದಲ್ಲೋ? ಅವನ ಮರ್ಯಾದಿ ನಾಳೆ ಸಭಾದಾಗ ತಗೀತೇನಿ."

"ಭೀಮಶೀದಲ್ರಿ" ಅಂದಳು ಶಿವವ್ವ. "ಪಿಂಟ್ಯಾ."

"ಸುಳ್ಳ."

"ಕಣ್ಣೀಲೆ ನೋಡೇನ್ರಿ ಅಣ್ಣಾರ" ಸುಲ್ತಾನಾಬಿ ಮೆಲ್ಲಗೆ ಅಂದಳು. "ಬಿಡಸಾಕ ಹೋಗಿ ಬಡಿಗೀಲೆ ಹೊಡದೇನಿ. ಅದರ ಹಿಂದಿನ ಎಡಗಾಲ ನೋಡ್ರಿ."

ಪರಪ್ಪ ಅಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟ. ದಿನವೂ ಮಧ್ಯಾಹ್ನ ಪಿಂಟ್ಯಾನ ಸರಪಳಿ ಬಿಚ್ಚಿ ಬಿಡುತ್ತಿದ್ದವನು ಅವನೇ. ಕಾಲಿಗೆ ಅರಿಶಿಣ ಹಚ್ಚಿದ್ದೂ ಅವನೇ. ನಾಯಿ ಮೋಸ ಮಾಡಿತೆಂದು ಅವನಿಗೆ ನಿಜವಾಗಿಯೂ ದುಃಖವಾಯಿತು, ಆ ದುಃಖದಲ್ಲಿ ಹೆಂಡತಿಯ ಕಡೆ ತಿರುಗಿದ.

"ನೀ ಯಾಕ ಮುಚ್ಚಿಟ್ಟಿ ನನ್ನ ಕಡಿಂದ? ನಾ ಏನ ಕಡಿಮಿ ಮಾಡೇನಿ ನಿನಗ?"

"ಏನೂ ಕಡಿಮಿ ಮಾಡಿಲ್ರಿ. ಉಪ್ಪು ತಂದ್ರ ಕೇಳ್ತೀರಿ, ಗಿರಣಿಗಿ ಹೋದ್ರ ಕೇಳ್ತೀರಿ, ನಕ್ರ ಯಾಕ ನಗತಿ ಅಂತೀರಿ. ನೀವು ಕೇಳಲಾರದಂಥಾದ್ದು ಒಂದರೆ ನಂದಂತ ಇರ್ಲಿ ಅಂತ ಇಟ್ಟೆ." ಶಿವವ್ವ ಮರಿಯ ಬಾಯಿ ಒರೆಸಿದಳು. "ಆದ್ರ ಆಡಿನ್ಯಾಗ ಅರ್ಧಾ ಪಾಲ ಈಕೀದ ಐತಿ. ನನ್ನ ಸಲುವಾಗಿ ಈಕಿ ಬಾಯಿ ಮುಚ್ಚಿಕೊಂಡ ಲುಕ್ಸಾನ ಮಾಡಿಕೊಂಡಾಳ. ಇಷ್ಟ ದಿನಾ ಸುಮ್ಮನಿದ್ದದ್ದ ನಂದ ತಪ್ಪು. ನಾಳೆ ನಾನ ಬಂದು ಹೇಳ್ತೇನಿ."

ಇಂಥ ಮಾತಿಗೆ ಗಂಡನಾದವನು ಏನಾದರೂ ಹೇಳಬೇಕಿತ್ತು. ಪರಪ್ಪನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಇನ್ನ ಎಷ್ಟ ಆಡು ಅದಾವು ನಿನ್ನವು?"

ಶಿವವ್ವ ಬಾಟಲಿಯನ್ನು ಸುಲ್ತಾನಾಬಿಯ ಕೈಗೆ ಕೊಟ್ಟಳು. ಸೆರಗು ಕೊಡವಿ ಎದ್ದು ಮನೆಗೆ ಹೋದಳು.

ಮರುದಿನ ಪಂಚಾಯಿತಿ ಕಟ್ಟೆಯಲ್ಲಿ ಶಿವವ್ವನನ್ನು ಕಂಡು ನಮಗೆಲ್ಲ ಆಶ್ಚರ್ಯವಾಯಿತು. ಸುಲ್ತಾನಾಬಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು. ಆಡು ಯಾರದು ಎಂದು ಭೀಮಶಿ ಕೇಳಿದ. "ನಂದು. ಈಕಿ ಕಡೆ ಪಾಲಿಗಿ ಬಿಟ್ಟಿದ್ದೆ" ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪರಪ್ಪನ ಮನೆಯಲ್ಲಿ ಆಡು ಎಂದು ಗುಸುಗುಸು ಎದ್ದಿತು. ನಾಯಿ ಯಾರದು ಎಂದು ಭೀಮಶಿ ಕೇಳಿದ. ಶಿವವ್ವ ಬಾಯಿ ತೆರೆಯುವ ಮೊದಲೇ ಪರಪ್ಪ ಕುರ್ಚಿಯಿಂದ ಎದ್ದು ನಿಂತ.

"ನಂದು" ಅಂದ. "ಬಿಟ್ಟಾಂವನೂ ನಾನ."

ನಗು ಅಲ್ಲಿಗೆ ನಿಂತಿತು. ಸುಲ್ತಾನಾಬಿಯ ಪಾಲು ಸುಲ್ತಾನಾಬಿಗೆ ಬಂತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮನೆಗೆ ಹೋಗಿ ತಮ್ಮ ಅನಾಥ ನಾಯಿಗಳನ್ನು ಸದ್ದಿಲ್ಲದೆ ಕಟ್ಟಿಹಾಕಿದ್ದನ್ನು ನಾನೇ ನೋಡಿದೆ.

ಆ ದಿನ ಹೊತ್ತು ಇಳಿಯುವಾಗ ಪರಪ್ಪ ಅಂಗಳದಲ್ಲಿ ಕೂತಿದ್ದ. ಪಿಂಟ್ಯಾನ ಕೊರಳಲ್ಲಿ ಸರಪಳಿ ಇತ್ತು, ಅದು ಅವನ ಮುಖ ನೋಡುತ್ತಿತ್ತು, ಅವನು ಅದರ ಮುಖ ನೋಡುತ್ತಿರಲಿಲ್ಲ. ಶಿವವ್ವ ತಪ್ಪಲಿನ ಹೊರೆ ತಲೆಗೇರಿಸಿಕೊಂಡು ಒಳಗಿನಿಂದ ಬಂದಳು. ಹಿತ್ತಲಿನಿಂದಲ್ಲ, ಮುಂದಿನ ಬಾಗಿಲಿನಿಂದಲೇ. ಎಲ್ಲಿಗೆ, ಎಷ್ಟು ಹೊತ್ತು, ಆ ತಪ್ಪಲು ಯಾವ ಹೊಲದ್ದು, ಎಲ್ಲ ಪ್ರಶ್ನೆಗಳೂ ಪರಪ್ಪನ ಗಂಟಲಿಗೆ ಬಂದು ನಿಂತವು. ಅವನು ಚಹಾದ ಬಟ್ಟಲು ಎತ್ತಿ ಕುಡಿದ. ಚಹಾ ಆರಿ ತಣ್ಣಗಾಗಿತ್ತು, ಆದರೂ ಇಳಿಯಿತು.

ಶಿವವ್ವ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಅವನು ಕೇಳಲಿಲ್ಲ. ಎರಡು ಹೆಜ್ಜೆ ಹೋಗಿ ಮತ್ತೆ ನಿಂತಳು. ಆಗಲೂ ಕೇಳಲಿಲ್ಲ. ಆಮೇಲೆ ಹೊರೆಯ ಕೆಳಗಿನಿಂದ ಕಣ್ಣು ಕಿರಿದು ಮಾಡಿ, ಇಷ್ಟು ವರ್ಷ ಅವನು ಅವಳನ್ನು ನೋಡುತ್ತಿದ್ದಂತೆಯೇ ಅವನನ್ನು ನೋಡಿದಳು.

"ಯಾಕ್ರಿ" ಅಂದಳು. "ಮೈಯಾಗ ಆರಾಮ ಇಲ್ಲೇನ?"